ಎದೆಮಟ್ಟದ ನೀರು

ಎಂಬತ್ತರ ದಶಕದ ನಡುಭಾಗದಲ್ಲಿ, ಮಸ್ಕತ್ತಿನಿಂದ ದೂರ ಒಳನಾಡಿನಲ್ಲಿರುವ ಇಬ್ರಿಯಿಂದ ಪಶ್ಚಿಮಕ್ಕೆ ರಸ್ತೆ ಮಾಡುತ್ತಿದ್ದ ಒಂದು ಕಂಪನಿಯಲ್ಲಿ ನಾನು ಸರ್ವೇಯರ್ ಆಗಿದ್ದೆ. ಜಲ್ಲಿಯ ಬಯಲಿನಲ್ಲಿ ಗೂಟ ಹೊಡೆಯುತ್ತಾ ಮುಂದೆ ಹೋಗುವುದು ನನ್ನ ಕೆಲಸ. ಹಿಂದಿನಿಂದ ಗ್ರೇಡರ್ ಬಂದು ನೆಲ ಸಮ ಮಾಡುತ್ತಿತ್ತು. ಟಾರು ಬೀಳುವುದು ಎಷ್ಟೋ ತಿಂಗಳ ಮೇಲೆ. ಜನ ಮಾತ್ರ ಟಾರಿಗೆ ಕಾಯುತ್ತಿರಲಿಲ್ಲ. ಗ್ರೇಡರ್ ಹಾದುಹೋದ ಮೇಲೆ ನೀರಿನ ಟ್ಯಾಂಕರ್ ಬರಬಹುದು. ಟ್ಯಾಂಕರ್ ಬಂದರೆ ಬಾವಿಯಿಂದ ಬಾವಿಗೆ ಅಲೆಯಬೇಕಾಗಿಲ್ಲ. ಹಾಗಾಗಿ ಬದು ಎನ್ನುವ ಮರುಭೂಮಿಯ ಅಲೆಮಾರಿ ಕುಟುಂಬಗಳು ಪಿಕಪ್‌ಗಳಲ್ಲಿ ಡೇರೆ, ಮೇಕೆ, ಪಾತ್ರೆಗಳನ್ನು ಹೇರಿಕೊಂಡು ಬಂದು ನಮ್ಮ ಗೂಟಗಳ ಪಕ್ಕದಲ್ಲೇ ಇಳಿಯುತ್ತಿದ್ದವು. ಆಮೇಲೆ ಒಂದು ಅಂಗಡಿ, ಅದರ ಹಿಂದೆ ಸರ್ಕಾರ ಕಟ್ಟಿಸಿಕೊಡುವ ಮನೆಗಳು.

ಟ್ಯಾಂಕರ್ ಓಡಿಸುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ. "ಈ ದೇಶಕ್ಕಿಂತ ನನ್ನ ಗಾಡಿಗೆ ಪ್ರಾಯ ಜಾಸ್ತಿ ಮಾರಾಯ್ರೆ" ಎಂದು ನಗುತ್ತಿದ್ದರು.

ರಸ್ತೆ ಉದ್ದವಾದಷ್ಟೂ ನಾನು ಮಸ್ಕತ್ತಿನಿಂದ ದೂರವಾಗುತ್ತಿದ್ದೆ. ನನ್ನ ಪಾಸ್‌ಪೋರ್ಟ್ ಅಲ್ಲಿನ ವಾದಿ ಅದಾಯ್ ಬಡಾವಣೆಯ ಕಂಪನಿ ಆಫೀಸಿನಲ್ಲಿ, ಒಂದು ಕಬ್ಬಿಣದ ಕಪಾಟಿನಲ್ಲಿತ್ತು. ನಾನು ಊರು ಬಿಟ್ಟ ಮೇಲೆ ಹುಟ್ಟಿದ ಮಗಳಿಗೆ ಎರಡು ವರ್ಷ ದಾಟಿತ್ತು. ಎರಡು ಫೋಟೋ, ಒಂದು ಕ್ಯಾಸೆಟ್ಟಿನಲ್ಲಿ ಅವಳ ಅಳು, ಇಷ್ಟೇ ನನಗೆ ಗೊತ್ತಿದ್ದದ್ದು. ಈ ಭಾಗದ ನಕ್ಷೆಗೆ ಕೊನೆಯ ಸಹಿ ಬಿದ್ದ ದಿನ ಕಪಾಟು ತೆರೆಯುತ್ತದೆ, ಊರಿಗೆ ರಜೆ ಸಿಗುತ್ತದೆ ಎಂದು ಎಂಜಿನಿಯರ್ ಹೇಳಿದ್ದರು.

ಆ ನಕ್ಷೆಯಲ್ಲಿ ಹನ್ನೆರಡು ಮನೆಗಳ ಜಾಗವೂ ಇತ್ತು. ರಸ್ತೆಗೆ ತಾಗಿದ ಚಪ್ಪಟೆ ನೆಲ. ಒಣಗಿದ ವಾದಿ, ಎಂದರೆ ಮಳೆ ಬಂದರಷ್ಟೇ ಹರಿಯುವ ಹೊಳೆ, ಅಲ್ಲಿಗೆ ಹತ್ತಿರವಿತ್ತು. ಅಂಥ ಕಡೆ ನೀರು ಎಲ್ಲಿಯವರೆಗೆ ಬರುತ್ತದೆಂದು ಅಲ್ಲಿಯವರನ್ನು ಕೇಳಿ ಬರೆದುಕೊಳ್ಳಬೇಕೆಂಬ ನಿಯಮವಿತ್ತು. ಮೊದಲು ಬಂದು ಇಳಿದಿದ್ದ ಒಬ್ಬ ಮುದುಕನನ್ನು ಕೇಳಿದೆ. ನನ್ನ ಅರಬ್ಬಿ ಅಂದರೆ ನಾಲ್ಕು ಶಬ್ದ. ನೆಲ ತೋರಿಸಿ, "ಮಾಫಿ ಮಾಯ್?" ಎಂದೆ. ನೀರಿಲ್ಲವಾ, ಎಂದು.

ಮುದುಕ ಗದ್ದ ಮೇಲೆತ್ತಿ ಲೊಚಗುಟ್ಟಿದ. ಆಮೇಲೆ ಅಂಗೈಯನ್ನು ಎದೆಯ ಹತ್ತಿರ ತಂದ.

ನಮ್ಮಲ್ಲಿ ಯಾರಾದರೂ ಲೊಚಗುಟ್ಟಿದರೆ ಅದು ಮರುಕ. ನೀರಿಲ್ಲ, ಏನು ಮಾಡುವುದು ಎನ್ನುತ್ತಾನೆ ಪಾಪ, ಎದೆ ಮುಟ್ಟಿಕೊಂಡು ಹೇಳುತ್ತಾನೆ ಎಂದು ನಾನು ತಿಳಿದೆ. 'ಇಲ್ಲಿಗೆ ನೀರು ಬರುವುದಿಲ್ಲ, ಸ್ಥಳೀಯರ ಮಾತು' ಎಂದು ಹಾಳೆಯಲ್ಲಿ ಬರೆದು ಸಹಿ ಮಾಡಿದೆ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಟ್ಯಾಂಕರಿನವರು ಅದೇ ಮುದುಕನ ಹತ್ತಿರ ಒಂದು ಮೇಕೆ ಕೇಳುತ್ತಿದ್ದರು. ನಾನು ಪಕ್ಕದಲ್ಲಿದ್ದೆ. ಮುದುಕ ಗದ್ದ ಎತ್ತಿ ಲೊಚಗುಟ್ಟಿದ. ಟ್ಯಾಂಕರಿನವರು ಮೇಕೆಯ ಹಗ್ಗ ಕೈಬಿಟ್ಟರು. ಮುದುಕ ಅಂಗೈಯನ್ನು ನೆಲಕ್ಕೆ ಸಮನಾಗಿ ತನ್ನ ಮೊಣಕಾಲಿನ ಹತ್ತಿರ ಹಿಡಿದು, ಡೇರೆಯ ಹಿಂದಕ್ಕೆ ಕೈ ತೋರಿಸಿದ.

"ಎಂತ ಹೇಳಿದ್ದು ಅವ?" ಎಂದು ಕೇಳಿದೆ.

"ಇದನ್ನು ಕೊಡ್ಲಿಕ್ಕಿಲ್ಲ, ಇಷ್ಟು ಎತ್ತರದ್ದು ಬೇರೆ ಉಂಟು ಅಂತ."

"ಮಾತೇ ಆಡ್ಲಿಲ್ಲವಲ್ಲ."

"ಲೊಚ್ ಅಂದ್ರೆ ಇಲ್ಲ ಅಂತ. ಇಷ್ಟು ವರ್ಷ ಆಯ್ತು, ಅದೂ ಗೊತ್ತಿಲ್ವಾ ನಿಮಗೆ? ಕಲ್ಲಿನೊಟ್ಟಿಗೇ ಮಾತಾಡುದಾ ನೀವು?"

ಅಂದು ಆ ಅಂಗೈ ಎದೆಗೆ ತಾಗಿರಲಿಲ್ಲ. ಎದೆಯ ಮುಂದೆ, ನೆಲಕ್ಕೆ ಸಮನಾಗಿ ನಿಂತಿತ್ತು. ನೀರಿಲ್ಲವಾ ಎಂದದ್ದಕ್ಕೆ ಹಾಗಲ್ಲ ಎಂದು, ಅವನು ನನಗೆ ನೀರಿನ ಎತ್ತರ ಹೇಳಿದ್ದ.

ಒಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ. ಇದನ್ನು ಬರೆಯಲೇಬೇಕು. ಹೇಳಿದರೆ ಜಾಗ ಬದಲಾಗುತ್ತದೆ, ಮತ್ತೆ ಅಳತೆ, ಮತ್ತೆ ನಕ್ಷೆ, ರಜೆ ಇಲ್ಲ. ಹೇಳದಿದ್ದರೆ ಎರಡು ವಾರದಲ್ಲಿ ಸಹಿ ಬೀಳುತ್ತದೆ. ಮಸ್ಕತ್ತಿಗೆ ಹೋಗುವ ಗಾಡಿಯ ಪಟ್ಟಿಯಲ್ಲಿ ನನ್ನ ಹೆಸರೂ ಬರೆದಾಗಿತ್ತು. ಅತ್ತ ಸಿಮೆಂಟ್ ಇಟ್ಟಿಗೆಗಳನ್ನು ಎರಕ ಹೊಯ್ದು ಬಿಸಿಲಿಗೆ ಸಾಲಾಗಿ ಇಟ್ಟಿದ್ದರು. ನಾನು ದಿನಾ ಅವುಗಳ ಪಕ್ಕದಲ್ಲಿ ನಡೆದು ಊಟಕ್ಕೆ ಹೋಗುತ್ತಿದ್ದೆ. ಸುತ್ತ ನಾಲ್ಕು ದಿಕ್ಕಿಗೂ ಒಂದು ಬೇಲಿ ಇಲ್ಲ. ನಡೆದರೆ ಎಲ್ಲಿಗೂ ತಲುಪುವುದಿಲ್ಲ, ಅಷ್ಟೇ.

ಒಂಬತ್ತನೆಯ ದಿನ ಮುದುಕನ ಹೆಂಡತಿ ತನ್ನ ಒಲೆಯ ಕಲ್ಲುಗಳನ್ನು ಒಂದೊಂದಾಗಿ ಹೊತ್ತು, ಸುಣ್ಣದ ಗೆರೆ ಎಳೆದಿದ್ದ ಜಾಗದೊಳಗೆ ಇಡುತ್ತಿದ್ದಳು. ಟ್ಯಾಂಕರಿನವರನ್ನು ಕರೆದು, ಮುದುಕನಿಗೆ ಕೇಳಿ ಎಂದೆ: ಎದೆಮಟ್ಟ ನೀರು ಬರುವುದು ಗೊತ್ತಿದ್ದೂ ಇಲ್ಲಿ ಯಾಕೆ ಮನೆ?

ಮುದುಕ ನನ್ನನ್ನೇ ನೋಡುತ್ತಾ ಹೇಳಿದ. ಟ್ಯಾಂಕರಿನವರು ಕನ್ನಡಕ್ಕೆ ತಂದರು. "ನಾನು ಇವರಿಗೆ ಹೇಳಿದೆ, ಇವರು ಬರ್ಕೊಂಡ್ರು. ಬರ್ಕೊಂಡ ಮೇಲೆ ನೀರನ್ನು ಆಚೆ ತಿರುಗಿಸ್ತಾರೆ ಅಂತ ಗ್ರಹಿಸಿದೆ ಅಂತಾನೆ." ಆಮೇಲೆ ಅವರು ತಮ್ಮದನ್ನೂ ಸೇರಿಸಿದರು: "ಎಂತ ಬರ್ದದ್ದು ಮಾರಾಯ್ರೆ ನೀವು?"

ನಾನು ನೆಟ್ಟಗೆ ಎಂಜಿನಿಯರ್ ಕ್ಯಾಬಿನ್ನಿಗೆ ಹೋದೆ. ಅವರು ಮೈಸೂರಿನವರು, ಎಂದೂ ದನಿ ಏರಿಸಿದವರಲ್ಲ. ಹಾಳೆ ತೆಗೆದು ಮುಂದಿಟ್ಟು, ಮುದುಕನ ಲೊಚ್ಚಿನ ವಿಷಯ ಹೇಳಿದೆ.

"ನಿಮ್ಮ ಕೈಬರಹ ತಾನೇ ಇದು?"

"ಹೌದು ಸರ್."

"ಅವನು ಲೊಚ್ ಅಂದ, ನೀವು ಬರ್ಕೊಂಡ್ರಿ."

"ಹೌದು."

"ಏನ್ರೀ, ಒಂದು ಲೊಚ್ ಮೇಲೆ ಹನ್ನೆರಡು ಮನೆ!" ನಗಲು ಹೊರಟವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು. "ಯಾವತ್ತು ಗೊತ್ತಾಯ್ತು?"

"ಒಂಬತ್ತು ದಿನ ಆಯ್ತು."

ಅವರು ನನ್ನ ಬರಹದ ಮೇಲೆ ಅಡ್ಡಗೆರೆ ಎಳೆದರು. "ನಿಮ್ಮ ರಜೆ ಖಲಾಸ್. ಅದು ಗೊತ್ತಿದ್ದೇ ಬಂದ್ರಲ್ಲ, ಹೋಗಿ, ನಾಳೆಯಿಂದ ಅಳೀರಿ."

ಉತ್ತರಕ್ಕೆ ಸ್ವಲ್ಪ ದೂರದಲ್ಲಿ ಒಂದು ಏರು ನೆಲವಿತ್ತು. ಮನೆಗಳನ್ನು ಅಲ್ಲಿಗೆ ಸರಿಸಿದರು. ಆ ಚಳಿಗಾಲ ಬೆಟ್ಟದ ಕಡೆ ಮಳೆಯಾಗಿ, ನಮ್ಮಲ್ಲಿ ಹನಿಯೂ ಬೀಳದೆ, ವಾದಿ ಕಂದಾಗಿ ಹರಿದು ಬಂತು. ಸುಣ್ಣದ ಗೆರೆ ಇದ್ದಲ್ಲಿ ಅಳತೆಕೋಲು ಹಿಡಿದು ನಿಂತೆ. ಎದೆಮಟ್ಟ ಇರಲಿಲ್ಲ. ನನ್ನ ಸೊಂಟದವರೆಗೆ ಬಂದಿತ್ತು. ದಡದಲ್ಲಿದ್ದ ಮುದುಕನಿಗೆ ಸೊಂಟ ತೋರಿಸಿದೆ. ಅವನು ಗದ್ದ ಎತ್ತಿ ಲೊಚಗುಟ್ಟಿ, ಅಂಗೈಯನ್ನು ಮತ್ತೆ ಎದೆಯ ಮುಂದೆ ಹಿಡಿದ. ಎರಡು ದಿನ ರಸ್ತೆ ಕಡಿದುಹೋಗಿ ಟ್ಯಾಂಕರ್ ಬರಲಿಲ್ಲ. ಸುತ್ತ ನೀರಿದ್ದೂ ನಾವು ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕುಡಿದೆವು.

ಕಪಾಟು ತೆರೆದದ್ದು ಅದಾಗಿ ಎರಡು ತಿಂಗಳಿಗೆ. ಊರಿಗೆ ಬಂದ ನಾಲ್ಕನೆಯ ದಿನ, ಹೆಂಡತಿ ಪೆಟ್ಟಿಗೆಯಿಂದ ನನ್ನ ಬಟ್ಟೆಗಳನ್ನು ಹೊರಗೆ ತೆಗೆಯುತ್ತಾ ಕೇಳಿದಳು, "ಇನ್ನು ಹೋಗ್ಲಿಕ್ಕಿಲ್ಲ ಅಲ್ವಾ?"

ವೀಸಾ ಇನ್ನೂ ಒಂದು ವರ್ಷ ಇತ್ತು. ನನಗೆ ತಿಳಿಯದೆಯೇ ಗದ್ದ ಮೇಲೇರಿತು, ನಾಲಗೆ ಲೊಚ್ ಎಂದಿತು. ನಾನು ಹೇಳಿದ್ದು ಮುದುಕನ ಲೊಚ್: ಹಾಗಲ್ಲ. ಅವಳು ಕೇಳಿಸಿಕೊಂಡದ್ದು ನಮ್ಮೂರಿನದ್ದು: ಪಾಪ, ಏನು ಮಾಡುವುದು. ಎರಡಕ್ಕೂ ಅರ್ಥ ಒಂದೇ ಆಯಿತು. ಅವಳು ಎರಡು ಅಂಗಿಗಳನ್ನು ತಿರುಗಿ ಪೆಟ್ಟಿಗೆಯೊಳಗೆ ಇಟ್ಟಳು. ಮಗಳು ಬಾಗಿಲ ಸಂದಿನಿಂದ ನೋಡುತ್ತಿದ್ದಳು. ಅವಳು ಇನ್ನೂ ನನ್ನ ಹತ್ತಿರ ಬಂದಿರಲಿಲ್ಲ.