ಕಂಡಕ್ಟರ್ ನಜಮಾಳ ದಣಿವು

ಮೇ ತಿಂಗಳ ಬಿಸಿಲಿಗೆ ಇಳಕಲ್ ಬಸ್‌ಸ್ಟ್ಯಾಂಡಿನ ಡಾಂಬರು ಚಪ್ಪಲಿಗೆ ಅಂಟುತ್ತಿದ್ದಾಗ ನಜಮಾ ಖಾಕಿ ಅಂಗಿಯ ಮೇಲೊಂದು ಸ್ವೆಟರ್ ಹಾಕಿಕೊಂಡು ಡ್ಯೂಟಿಗೆ ಬಂದಳು. ಬಾದಾಮಿ ಬಸ್ಸಿನ ಡ್ರೈವರ್ ಹುಲ್ಲಪ್ಪ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದವನು ಹಾಗೇ ನಿಂತ.

"ಜ್ವರ ಬಂದಾವೇನ್ರಿ ಅಕ್ಕಾರ?"

"ಇಲ್ಲೋ. ಥಂಡಿ ಹತ್ತಾಕತ್ತೇತಿ."

ಹುಲ್ಲಪ್ಪ ಮತ್ತೇನೂ ಕೇಳದೆ ಬಸ್ಸು ಹತ್ತಿದ. ಬಹಳ ವರ್ಷಗಳಿಂದ ಅವಳ ಜೊತೆ ದುಡಿದವನು ಅವನು. ಅವಳ ದನಿ ಒಡೆದು ಗಂಡಸಿನ ದನಿಯಂತಾಗಿದ್ದನ್ನೂ, ಮುಖ ಊದಿಕೊಂಡಿದ್ದನ್ನೂ ತಿಂಗಳುಗಳಿಂದ ನೋಡುತ್ತಲೇ ಇದ್ದ. ಕೇಳಿದರೆ ಅವಳು ಹೇಳುವುದು ಒಂದೇ ಮಾತು: ರಿಪೋರ್ಟಿನಲ್ಲಿ ಏನೂ ಇಲ್ಲ.

ನಜಮಾ ಕೆರೂರಿನವಳು. ಅಪ್ಪ ಮೀರಾಸಾಬ ಅಲ್ಲಿಯ ಸಂತೆಯಲ್ಲಿ ಬಳೆ ಮಾರುತ್ತಿದ್ದ. ಅವಳು ಪಿಯುಸಿ ಮುಗಿಸಿ ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕಿದಾಗ ಓಣಿಯ ಹಿರಿಯರು ಮೂಗು ಮುರಿದರು. ಮೀರಾಸಾಬ ಮಾತ್ರ ತಾನೇ ಹುಬ್ಬಳ್ಳಿಯವರೆಗೆ ಹೋಗಿ ಮಗಳನ್ನು ಪರೀಕ್ಷೆಗೆ ಕೂರಿಸಿ ಬಂದ. ನೌಕರಿ ಸಿಕ್ಕಿತು. ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಮಷೀನ್ ನಡೆಸುವ ನಾಸೀರನ ಜೊತೆ ಮದುವೆಯೂ ಆಯಿತು. ಒಬ್ಬಳು ಮಗಳು, ಹೈಸ್ಕೂಲಿಗೆ ಹೋಗುತ್ತಾಳೆ. ಹೆಂಗಸರಿಗೆ ಪುಕ್ಕಟೆ ಪ್ರಯಾಣ ಶುರುವಾದ ಮೇಲೆ ಬಸ್ಸಿನೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಆಧಾರ್ ಕಾರ್ಡು ನೋಡುತ್ತಾ, ಮಷೀನಿನಿಂದ ಶೂನ್ಯ ಟಿಕೆಟ್ ಹರಿಯುತ್ತಾ, ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಈಜಿ ಬರುವ ತಾಕತ್ತು ಅವಳಿಗಿತ್ತು.

ಆ ತಾಕತ್ತು ಇಳಿಯಲು ಶುರುವಾಗಿದ್ದು ನಲವತ್ತು ದಾಟಿದ ಮೇಲೆ. ರಾತ್ರಿಯಿಡೀ ಮಲಗಿ ಎದ್ದರೂ ಮೈ ನೆನೆದ ಗೋಣಿಚೀಲದ ಹಾಗೆ ಭಾರ. ತಲೆ ಬಾಚಿದರೆ ಹಣಿಗೆಯ ತುಂಬ ಕೂದಲು. ದನಿಯೂ ಒರಟಾಯಿತು. ಬಾಗಲಕೋಟೆಯ ಡಾಕ್ಟರೊಬ್ಬರು ರಕ್ತ ತೆಗೆಸಿ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನನ್ನು ಕಡಿಮೆ ತಯಾರಿಸುತ್ತಿದೆ, ದಿನಾ ಖಾಲಿ ಹೊಟ್ಟೆಯಲ್ಲಿ ಒಂದು ಗುಳಿಗೆ ನುಂಗಬೇಕು, ಬದುಕಿರುವವರೆಗೂ ನುಂಗಬೇಕು ಎಂದರು. ನುಂಗಿದಳು. ಗುಣ ಕಂಡಿತು. ದನಿಯೂ ಸರಿಹೋಯಿತು.

ಆದರೆ 'ಬದುಕಿರುವವರೆಗೂ' ಎಂಬ ಮಾತು ಮನೆಯವರಿಗೆ ಹಿಡಿಸಲಿಲ್ಲ. ಅತ್ತೆ ರಾತ್ರಿ ಧನಿಯಾ ನೆನೆಸಿಟ್ಟು ಬೆಳಿಗ್ಗೆ ಆ ನೀರು ಕುಡಿಸಿದಳು. ಹುನಗುಂದದಿಂದ ದಿನಾ ಅವಳ ಬಸ್ಸಿಗೆ ಬರುವ ಟೀಚರೊಬ್ಬರು ಕುತ್ತಿಗೆ ಹಿಂದಕ್ಕೆ ಚಾಚುವ ಆಸನ ಹೇಳಿಕೊಟ್ಟರು. ಗುಳೇದಗುಡ್ಡದ ಹಕೀಮರ ಲೇಹ್ಯ ಒಂದು ಡಬ್ಬಿ ಬಂತು. ನಜಮಾ ಯಾವುದಕ್ಕೂ ಬೇಡ ಅನ್ನಲಿಲ್ಲ. ಬೇಡ ಅನ್ನುವುದಕ್ಕೂ ಶಕ್ತಿ ಬೇಕಾಗುತ್ತದೆ. ಆಸನ ಮಾಡಿದಾಗ ಬೆನ್ನು ಹಗುರಾಗುತ್ತಿತ್ತು, ಅದಷ್ಟು ಖರೆ.

ಕೂದಲು ಮಾತ್ರ ಉದುರುತ್ತಲೇ ಇತ್ತು. ಬಾಗಲಕೋಟೆಯ ನವನಗರದಲ್ಲಿದ್ದ ತಂಗಿ ನರ್ಗೀಸ ಒಂದು ಭಾನುವಾರ ಬಂದು ಡಬ್ಬಿ ಮುಂದಿಟ್ಟಳು. ಕೂದಲು, ಉಗುರು ಚೆನ್ನಾಗಾಗಲು ತೆಗೆದುಕೊಳ್ಳುವ ಕ್ಯಾಪ್ಸೂಲುಗಳು. ಅವನ್ನು ತಾನೂ ತಿಂದು, ಗೊತ್ತಿದ್ದ ಹೆಂಗಸರಿಗೂ ಮಾರುವ ಒಂದು ವಾಟ್ಸಾಪ್ ಗುಂಪಿಗೆ ನರ್ಗೀಸ ಸೇರಿದ್ದಳು. ಹೆರಿಗೆಯ ನಂತರ ಅವಳ ಕೂದಲೂ ಬುಟ್ಟಿಗಟ್ಟಲೆ ಉದುರಿ, ಈ ಕ್ಯಾಪ್ಸೂಲು ತಿಂದ ಮೇಲೆ ಮತ್ತೆ ಬಂದಿತ್ತು. ತಿನ್ನದಿದ್ದರೂ ಬರುತ್ತಿತ್ತೇನೋ, ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

"ಇದು ಔಷಧ ಅಲ್ಲ ಆಪಾ. ಬರೇ ವಿಟಮಿನ್. ಡಾಕ್ಟರಿಗೆ ಹೇಳೂದೂ ಬೇಕಾಗಿಲ್ಲ."

ನಜಮಾ ಹೇಳಲಿಲ್ಲ. ಮುಂದಿನ ಸಲ ರಕ್ತ ಪರೀಕ್ಷೆ ಮಾಡಿಸಿದಾಗ ಹಾರ್ಮೋನು ಹೆಚ್ಚಾಗಿದೆ ಎಂದು ಬಂತು. ಡಾಕ್ಟರು ಗುಳಿಗೆಯ ಪ್ರಮಾಣ ಇಳಿಸಿದರು. ಅದರ ಮುಂದಿನ ಸಲವೂ ಹೆಚ್ಚೇ. ಗುಳಿಗೆಯನ್ನೇ ನಿಲ್ಲಿಸಿದರು; ನಂತರದ ರಿಪೋರ್ಟಿನಲ್ಲೂ ಕಡಿಮೆ ಎಂದು ಬರಲಿಲ್ಲ. ನರ್ಗೀಸ ಫೋನಿನಲ್ಲಿ ಕುಣಿದಾಡಿದಳು. ವಿಟಮಿನ್ ತಿಂದು ಅಕ್ಕನ ಥೈರಾಯ್ಡೇ ಹೋಯಿತು ಎಂದು ಗುಂಪಿನಲ್ಲೂ ಹಾಕಿದಳು. ಅತ್ತೆ ಅದು ಧನಿಯಾ ನೀರಿನ ಗುಣ ಎಂದಳು. ಮನೆಯಲ್ಲಿ ಶಾವಿಗೆ ಪಾಯಸ ಮಾಡಿದರು. ಬದುಕಿರುವವರೆಗೂ ಎಂದಿದ್ದು ಇಷ್ಟು ಬೇಗ ಮುಗಿಯಿತಲ್ಲ ಎಂದು ನಜಮಾಳೂ ನಂಬಿದಳು.

ಆಮೇಲಿನ ದಣಿವಿಗೆ ಹೆಸರೇ ಇರಲಿಲ್ಲ. ಮೊದಲು ರೋಗವಿದ್ದಾಗ ಮನೆಯವರು ಪಾತ್ರೆ ಕಸಿದುಕೊಂಡು ತಾವೇ ತೊಳೆಯುತ್ತಿದ್ದರು. ಈಗ ಕಾಗದದಲ್ಲಿ ರೋಗವಿಲ್ಲ. ಡ್ಯೂಟಿಯಿಂದ ಬಂದವಳು ಚಪ್ಪಲಿ ಬಿಚ್ಚಲೂ ಆಗದೆ ಬಾಗಿಲಲ್ಲೇ ಕುಳಿತುಬಿಟ್ಟರೆ ನಾಸೀರ ದಾಟಿಕೊಂಡು ಒಳಗೆ ಹೋಗುತ್ತಿದ್ದ. ಅವನೇನು ಕೆಟ್ಟವನಲ್ಲ. ದಿನವಿಡೀ ಕಲ್ಲಿನ ಧೂಳು ಕುಡಿದು ಬಂದವನು.

"ಎಲ್ಲಾ ಬರೋಬ್ಬರಿ ಐತಿ ಅಂತಾರ. ಮತ್ತ ಯಾಕ ಹಿಂಗ ಮಾಡ್ತಿ?" ಎಂದು ಒಂದು ದಿನ ಕೇಳಿಬಿಟ್ಟ.

ನಜಮಾ ಎದ್ದು ಚಪ್ಪಲಿ ಬಿಚ್ಚಿದಳು. ತನಗೇ ಸೋಮಾರಿತನ ಹತ್ತಿರಬೇಕು ಎಂದುಕೊಂಡಳು. ನರ್ಗೀಸ ಹೇಳಿದಳೆಂದು ಕ್ಯಾಪ್ಸೂಲು ಒಂದರ ಬದಲು ಎರಡು ನುಂಗತೊಡಗಿದಳು.

ಆ ಬೇಸಿಗೆ ಕಳೆದು ಮಳೆಗಾಲದ ಒಂದು ಅಮಾವಾಸ್ಯೆ. ಬನಶಂಕರಿ ಗುಡಿಗೆ ಹೋಗುವವರಿಗಾಗಿ ಬಸ್ಸನ್ನು ಬಾದಾಮಿಯಿಂದ ಮುಂದೆ ಚೊಳಚಗುಡ್ಡದವರೆಗೂ ಬಿಟ್ಟಿದ್ದರು. ಊರ ಮುಂದೆ ಬಸ್ಸು ನಿಂತಿತು. ಜನ ಇಳಿದರು. ನಜಮಾ ಬಾಗಿಲ ಕಂಬಕ್ಕೆ ಒರಗಿ ಇಳಿಯುವವರನ್ನು ನೋಡುತ್ತಿದ್ದಳು. ಕಣ್ಣು ತೆರೆದೇ ಇತ್ತು. ಆದರೆ ಕಂಡದ್ದು ತಲೆಯವರೆಗೆ ಮುಟ್ಟಲಿಲ್ಲ. ಲಗಮವ್ವ ಎಂಬ ಮುದುಕಿ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿಟ್ಟಿದ್ದಾಗ ನಜಮಾಳ ಕೈ ಘಂಟೆಯ ಹಗ್ಗ ಜಗ್ಗಿತು. ಬಸ್ಸು ಮಾರು ದೂರವೂ ಹೋಗಲಿಲ್ಲ. ಅಷ್ಟಕ್ಕೇ ಮುದುಕಿ ಕೆಳಗೆ ಬಿದ್ದು ಕೈ ಊರಿದಳು. ಮುಂಗೈ ಮುರಿಯಿತು.

ಅದೇ ಬಸ್ಸು ತಿರುಗಿಸಿಕೊಂಡು ಬಾದಾಮಿಯ ದವಾಖಾನೆಗೆ ಹೋದರು. ಅಲ್ಲಿ ರಾಧಿಕಾ ಎಂಬ ಡಾಕ್ಟರು ಲಗಮವ್ವನ ಕೈಗೆ ಪಟ್ಟಿ ಕಟ್ಟಿಸಿ, ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಕಂಡಕ್ಟರನ್ನು, ಮುದುಕಿ ಹೇಗೆ ಬಿದ್ದಳೆಂದು ಕೇಳಲು ಬಂದರು. ನಜಮಾ ಹೇಳತೊಡಗಿದಳು. ಮಾತು ಒಂದೊಂದಾಗಿ, ಕೆರೆದುಕೊಂಡು ಹೊರಗೆ ಬರುತ್ತಿತ್ತು. ಡಾಕ್ಟರು ಅವಳ ಮುಖ ನೋಡಿದರು, ಸ್ವೆಟರ್ ನೋಡಿದರು, ಬಿರುಕು ಬಿಟ್ಟ ಅಂಗೈ ಹಿಡಿದು ನೋಡಿದರು.

"ಥೈರಾಯ್ಡ್ ತೋರಿಸೀರೇನು?"

"ಅದು ಹೋಗೇತ್ರಿ ಮೇಡಂ. ಹೆಚ್ಚಾಗೇತಿ ಅಂತ ಗುಳಿಗಿ ಬಿಡಿಸ್ಯಾರ."

"ಹೆಚ್ಚಾದವರಿಗೆ ಶೆಕಿ ಆಗ್ತೈತಿ, ಮೈ ಇಳೀತೈತಿ. ನೀವು ನೋಡಿದ್ರ ಸ್ವೆಟರ್ ಹಾಕ್ಕೊಂಡೀರಿ." ಡಾಕ್ಟರು ಅವಳ ಅಂಗೈ ಬಿಟ್ಟರು. "ನಾಳೆ ಬರ್ರಿ. ನೀವು ಏನೇನು ನುಂಗ್ತೀರಿ, ಎಲ್ಲಾ ತಗೊಂಡ್ ಬರ್ರಿ. ನಾಟಿ ಔಷಧ, ಪುಡಿ, ವಿಟಮಿನ್, ಒಂದೂ ಬಿಡಬ್ಯಾಡ್ರಿ."

ಮರುದಿನ ನಜಮಾ ತರಕಾರಿ ಚೀಲದಲ್ಲಿ ಎಲ್ಲವನ್ನೂ ಒಯ್ದು ಮೇಜಿನ ಮೇಲೆ ಇಟ್ಟಳು. ನಾಸೀರನೂ ಕೆಲಸ ಬಿಟ್ಟು ಜೊತೆಗೆ ಬಂದಿದ್ದ. ಡಾಕ್ಟರು ಧನಿಯಾ ನೀರಿಗೆ ನಕ್ಕರು, ಲೇಹ್ಯ ಮೂಸಿ ಪಕ್ಕಕ್ಕಿಟ್ಟು ಸದ್ಯ ಬೇಡ ಎಂದರು, ಆಸನ ಬಿಡಬೇಡಿ ಎಂದರು. ಕ್ಯಾಪ್ಸೂಲಿನ ಡಬ್ಬಿ ತಿರುಗಿಸಿ ಓದಿ ಅಲ್ಲಿಗೇ ನಿಂತರು.

"ಇದರಾಗ ಬಯೋಟಿನ್ ಅನ್ನೂ ವಿಟಮಿನ್ ಭಾಳ ಐತಿ. ವಿಷ ಅಲ್ಲ. ಆದ್ರ ಇಷ್ಟು ಮೈಯಾಗ ಇದ್ರ ರಕ್ತ ನೋಡೂ ಕೆಲವು ಮಷೀನಿಗೆ ಥೈರಾಯ್ಡ್ ಲೆಕ್ಕ ತಪ್ತೈತಿ. ಕಡಿಮಿ ಇದ್ದದ್ದು ಹೆಚ್ಚು ಅಂತ ತೋರಸ್ತೈತಿ. ನೀವು ಹೇಳಿಲ್ಲ, ಅವರು ಕೇಳಿಲ್ಲ. ಗುಳಿಗಿ ನಿಂತು ಹೋತು."

ನಜಮಾ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಅಂದ್ರ ನಂದು ಸೋಮಾರಿತನ ಅಲ್ರಿ?"

"ಅಲ್ಲ," ಎಂದರು ಡಾಕ್ಟರು. ನಾಸೀರ ಕಿಟಕಿಯ ಕಡೆ ಮುಖ ಮಾಡಿದ.

ಕ್ಯಾಪ್ಸೂಲು ಬಿಟ್ಟು ಒಂದು ವಾರದ ಮೇಲೆ ಮತ್ತೆ ರಕ್ತ ತೆಗೆದರು. ಹಾರ್ಮೋನು ಪಾತಾಳದಲ್ಲಿತ್ತು. ಗುಳಿಗೆ ಮತ್ತೆ ಶುರುವಾಯಿತು.

ಸುದ್ದಿ ತಿಳಿದು ನರ್ಗೀಸ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ನಾ ನಿನಗ ವಿಷ ಹಾಕಿದ್ನೇನು ಆಪಾ?"

"ವಿಷ ಅಂತ ಅವರೂ ಅಂದಿಲ್ಲ. ಕೂಡು, ಚಾ ಮಾಡ್ತೇನಿ."

"ಮತ್ತ ಎಲ್ಲಾರೂ ನನ್ನ ಕಡೆನ ನೋಡ್ತಾರ."

"ನುಂಗಿದಾಕಿ ನಾನು. ಹೇಳಲಾರದಾಕೀನೂ ನಾನ."

ನರ್ಗೀಸ ಚಹಾ ಮುಟ್ಟದೆ ಹೋದಳು. ಊರು ಮುಟ್ಟಿದ ಮೇಲೆ ತನ್ನ ಗುಂಪಿನಲ್ಲಿ, ರಕ್ತ ಪರೀಕ್ಷೆಗೆ ಹೋಗುವವರು ಈ ಕ್ಯಾಪ್ಸೂಲಿನ ವಿಷಯ ಡಾಕ್ಟರಿಗೆ ಹೇಳಿ ಎಂದು ಬರೆದಳು. ಅಕ್ಕನ ಹೆಸರನ್ನೂ ಹಾಕಿದಳು. ಸಂಜೆಯಾಗುವುದರೊಳಗೆ ಅವಳನ್ನು ಗುಂಪಿನಿಂದ ತೆಗೆದರು. ಅಕ್ಕನ ಮನೆಗೆ ಅವಳು ಮತ್ತೆ ಬಂದದ್ದು ರಂಜಾನಿಗೆ.

ಡಿಪೋದಲ್ಲಿ ವಿಚಾರಣೆ ನಡೆಯಿತು. ಘಂಟೆ ಹೊಡೆದದ್ದು ನಾನೇ ಎಂದು ನಜಮಾ ಒಪ್ಪಿಕೊಂಡಳು. ಡಾಕ್ಟರ ಸರ್ಟಿಫಿಕೇಟನ್ನು ಹುಲ್ಲಪ್ಪನೇ ಒತ್ತಾಯ ಮಾಡಿ ಕೊಡಿಸಿದ. ಕೆಲವು ತಿಂಗಳು ಟಿಕೆಟ್ ಮಷೀನುಗಳನ್ನು ಚಾರ್ಜಿಗೆ ಹಾಕುವ ಕೋಣೆಯಲ್ಲಿ ಕೂರಿಸಿದರು.

ಆ ದಿನಗಳಲ್ಲೇ ಒಮ್ಮೆ ಅವಳು ಚೊಳಚಗುಡ್ಡಕ್ಕೆ ಹೋಗಿ ಲಗಮವ್ವನನ್ನು ಕಂಡಳು. ಪಟ್ಟಿ ಬಿಚ್ಚಿದ್ದರು. ಮುಂಗೈ ಕೊಂಚ ವಾರೆಯಾಗಿ ಕೂಡಿತ್ತು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಸೊಸೆ ಬಡಿಯುತ್ತಿದ್ದಳು. ನಜಮಾ ತನ್ನ ರೋಗದ ಕತೆಯನ್ನು ಮೊದಲಿಂದ ಹೇಳಿದಳು. ಮುದುಕಿ ಪೂರಾ ಕೇಳಿದಳು.

"ನನಗೂ ದಣಿವು ಗೊತ್ತೈತಿ ಯವ್ವಾ. ಎಂಟು ಮಕ್ಕಳನ್ನ ಹಡದೀನಿ. ಆದ್ರ ನಾ ದಣದ್ರ ಯಾರೂ ಬೀಳ್ತಿರಲಿಲ್ಲ."

ನಜಮಾ ಎದ್ದಳು. ಒಯ್ದಿದ್ದ ಹಣ್ಣಿನ ಚೀಲವನ್ನು ಸೊಸೆಯ ಕೈಗೆ ಕೊಟ್ಟು, ಬಿಸಿಲಲ್ಲಿ ಬಸ್ಸಿಗಾಗಿ ನಿಂತಳು. ಆಮೇಲೂ ತಿಂಗಳಿಗೊಮ್ಮೆ ಹೋದಳು. ಲಗಮವ್ವ ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಗುಳಿಗೆ ನಿಧಾನವಾಗಿ ಮೈಗೆ ಹತ್ತಿತು. ಮುಖದ ಊತ ಇಳಿಯಿತು. ಉದುರಿದ ಕೂದಲೆಲ್ಲ ಬರಲಿಲ್ಲ, ಅರ್ಧ ಬಂತು. ಚಳಿಗಾಲ ಕಳೆದ ಮೇಲೆ ಅವಳನ್ನು ಮತ್ತೆ ಬಾದಾಮಿ ಬಸ್ಸಿಗೆ ಹಾಕಿದರು. ಈಗಲೂ ಡ್ಯೂಟಿ ಮುಗಿಸಿ ಬಂದರೆ ದಣಿದಿರುತ್ತಾಳೆ. ಮೊದಲಿನಂತೆ ಚುರುಕಾಗಿ ಬಸ್ಸಿನೊಳಗೆ ಓಡಾಡಲು ಆಗುವುದಿಲ್ಲ. ವಯಸ್ಸೋ, ರೋಗದ ಉಳಿಕೆಯೋ, ಡಾಕ್ಟರಿಗೂ ಖಾತ್ರಿಯಿಲ್ಲ. ಪ್ರತಿ ಸ್ಟಾಪಿನಲ್ಲೂ ಕೆಳಗಿಳಿದು, ಕಡೆಯವರು ಇಳಿಯುವವರೆಗೂ ಬಾಗಿಲ ಹತ್ತಿರ ನಿಲ್ಲುತ್ತಾಳೆ. ಒಳಗಿದ್ದವರು ತಡವಾಯಿತೆಂದು ಗೊಣಗುತ್ತಾರೆ.

"ಅಕ್ಕಾರ, ಟೈಮ್ ಆತು," ಎನ್ನುತ್ತಾನೆ ಹುಲ್ಲಪ್ಪ.

"ಆಗಲಿ ಬಿಡು," ಎಂದು ಅವಳು ಇನ್ನಷ್ಟು ಹೊತ್ತು ನಿಂತು, ಆಮೇಲೆ ಕಂಬ ಹಿಡಿದು ಮೆಲ್ಲಗೆ ಹತ್ತುತ್ತಾಳೆ.