ಆದಿತ್ಯವಾರ ನಾಲ್ಕರಿಂದ ಆರು

ಮಂಡೆಕೋಲಿನ ಶ್ರೀಶನನ್ನು ಊರಿನವರು ಒಳ್ಳೆಯವನೆಂದೇ ಹೇಳುತ್ತಾರೆ. ಹೇಳಿ, ಕೊನೆಗೆ ಸಣ್ಣದೊಂದು ನಗೆ ಸೇರಿಸುತ್ತಾರೆ. ಆ ನಗೆಗೆ ಕಾರಣವಿದೆ. ಬಿ.ಎಸ್ಸಿ.ಯನ್ನು ಅವನು ಎರಡನೇ ವರ್ಷದಲ್ಲಿ ಬಿಟ್ಟ. ಚೆಂಡೆ ಕಲಿಯಲು ಹೋಗಿ, ಕೈ ಕೂಡಿ ಬರುವ ಹೊತ್ತಿಗೆ ಬಿಟ್ಟ. ಜೇನು ಸಾಕುತ್ತೇನೆಂದು ತಂದ ಪೆಟ್ಟಿಗೆಗಳಲ್ಲಿ ಈಗ ಅವನ ಅಮ್ಮ ದೇವಕಿಯಮ್ಮ ತೆಂಗಿನ ಗೆರಟೆ ತುಂಬಿಸಿಟ್ಟಿದ್ದಾರೆ. ಮದುವೆಯೂ ಒಂಬತ್ತು ವರ್ಷಕ್ಕೆ ಮುಗಿಯಿತು. ಅದನ್ನು ಬಿಟ್ಟದ್ದು ಅವನೋ ಅವಳೋ ಎಂದು ಇಬ್ಬರೂ ಇದುವರೆಗೆ ಬಾಯಿ ಬಿಟ್ಟಿಲ್ಲ. ಊರಿಗೆ ಅಷ್ಟೆಲ್ಲ ವಿಚಾರಿಸುವ ಪುರುಸೊತ್ತಿಲ್ಲ. ಅದನ್ನೂ ಅವನ ತಲೆಗೇ ಕಟ್ಟಿತು.

ಒಂದನ್ನು ಮಾತ್ರ ಅವನು ಬಿಟ್ಟಿರಲಿಲ್ಲ. ಆದಿತ್ಯವಾರ ಸಂಜೆ ನಾಲ್ಕರಿಂದ ಆರು.

ಹನ್ನೊಂದು ವರ್ಷದ ಮಗಳು ತನ್ಮಯೀ ಅಮ್ಮನೊಟ್ಟಿಗೆ ಪುತ್ತೂರಿನಲ್ಲಿದ್ದಾಳೆ. ತಿಂಗಳಿಗೊಮ್ಮೆ ಶ್ರೀಶ ಹೋಗಿ ಅವಳಿಗೆ ಐಸ್‌ಕ್ರೀಂ ಕೊಡಿಸಿ ಬರುವುದು ದೊಡ್ಡವರು ಕೂತು ಮಾಡಿದ ಏರ್ಪಾಡು. ಆ ಐಸ್‌ಕ್ರೀಂ ಕರಗುವುದರೊಳಗೆ ಇಬ್ಬರ ಮಾತೂ ಮುಗಿದಿರುತ್ತಿತ್ತು. ಆದಿತ್ಯವಾರದ ಏರ್ಪಾಡು ಮಗಳೇ ಮಾಡಿದ್ದು. ಕಂಪ್ಯೂಟರಿನಲ್ಲಿ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟುವ ಒಂದು ಆಟ. ಅವಳು ಅಲ್ಲಿಂದ, ಇವನು ಇಲ್ಲಿಂದ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದೇ ಮನೆ ಕಟ್ಟುತ್ತಿದ್ದರು. ಕೈಯಲ್ಲಿ ಕೆಲಸವಿದ್ದಾಗ ಮಗಳ ಬಾಯಿ ಬಿಚ್ಚುತ್ತದೆಂದು ಅವನಿಗೆ ಆಗಲೇ ಗೊತ್ತಾದದ್ದು. ಶಾಲೆಯ ಜಗಳ, ಹಲ್ಲಿನ ನೋವು, ಅಮ್ಮ ಬೈದದ್ದು ಎಲ್ಲವೂ ಗೋಡೆ ಏರುತ್ತಿದ್ದ ಹಾಗೆ ಬರುತ್ತಿತ್ತು. ಮನೆಗೆ ಮೂರು ಕೋಣೆ. ಒಂದರ ಬಾಗಿಲಿಗೆ ಅವಳು ಬೋರ್ಡು ಹಾಕಿದ್ದಳು: ಅಪ್ಪನ ಕೋಣೆ.

ಆ ಬೋರ್ಡು ಕಂಡ ದಿನ ಶ್ರೀಶ ರಾತ್ರಿ ಎರಡು ಸಲ ಬಡಿಸಿಕೊಂಡು ಉಂಡ. ದೇವಕಿಯಮ್ಮನಿಗೆ ಎಂತದೆಂದು ಅರ್ಥವಾಗದಿದ್ದರೂ ಖುಷಿಯಾಯಿತು.

ಮಳೆಗಾಲವಿಡೀ ಆಟ ಸುಸೂತ್ರವಾಗಿ ನಡೆಯಿತು. ಜನವರಿಯಲ್ಲಿ ಆ ಆಟಕ್ಕೊಂದು ಹೊಸ ಅಪ್‌ಡೇಟ್ ಬಂತು. ನೀರು ನಿಜವಾದ ನೀರಿನಂತೆ ಹೊಳೆಯತೊಡಗಿತು, ಮರಗಳಿಗೆ ನೆರಳು ಬಂತು. ಶ್ರೀಶನ ಎಂಟು ವರ್ಷ ಹಳೆಯ ಕಂಪ್ಯೂಟರಿಗೆ ಅಲ್ಲಿಂದಲೇ ಶನಿ ಹಿಡಿಯಿತು. ಆಡುತ್ತಾ ಆಡುತ್ತಾ ಇದ್ದಕ್ಕಿದ್ದ ಹಾಗೆ ಆಫ್. ಪರದೆ ಬೆಳಗಿಯೇ ಇರುತ್ತದೆ, ಮೇಲಿನ ಬಲ್ಬೂ ಬೆಳಗಿರುತ್ತದೆ, ಸಿಪಿಯು ಪೆಟ್ಟಿಗೆ ಮಾತ್ರ ಸತ್ತಿರುತ್ತದೆ. ಮತ್ತೆ ಎಬ್ಬಿಸಿ ಒಳಗೆ ಹೋಗಲು ಆರೇಳು ನಿಮಿಷ. ಮೊದಮೊದಲು ಮಗಳು ಕಾದಳು. ಮಾರ್ಚಿನಲ್ಲಿ ಮುನಿಸು ಶುರುವಾಯಿತು. ಏಪ್ರಿಲ್ ಕೊನೆಗೆ ಅವಳು ಹೇಳಿದಳು: “ಅಪ್ಪ, ಜೂನಿನಿಂದ ನಂಗೆ ಆದಿತ್ಯವಾರ ಬ್ಯಾಡ್ಮಿಂಟನ್ ಕ್ಲಾಸ್ ಉಂಟು. ಇನ್ನು ನಾಲ್ಕೇ ವಾರ. ಅದರೊಳಗೆ ಮನೆಗೆ ಮಾಡು ಹಾಕ್ಬೇಕು. ಮಾಡು ಹಾಕುವಾಗ ನೀನು ಇರ್ಬೇಕು.”

ಮಾಡು ಅಂದರೆ ಛಾವಣಿ. ಅದಕ್ಕೆ ಅಪ್ಪ ಇರಬೇಕು. ಶ್ರೀಶನ ತಲೆಯಲ್ಲಿ ಬೇರೇನೂ ಉಳಿಯಲಿಲ್ಲ.

ಕರಿಮೆಣಸು ಮಾರಿ ಮಿಕ್ಕ ಹನ್ನೊಂದು ಸಾವಿರ ಅವನ ಕೈಯಲ್ಲಿತ್ತು. ಅಷ್ಟಕ್ಕೆ ಕಂಪ್ಯೂಟರಿನ ಒಂದೇ ಒಂದು ಭಾಗ ಬದಲಿಸಬಹುದು, ಎರಡಕ್ಕೆ ಸಾಲದು. ಎರಡು ವಾರ ಅವನು ಮೊಬೈಲಿನಲ್ಲಿ ಯಾರು ಯಾರದೋ ವಿಡಿಯೋ ನೋಡಿದ. ರ‍್ಯಾಮ್ ಹಾಕಿದರೆ ಹಾರುತ್ತದೆ ಎಂದ ಒಬ್ಬ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಆ ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಎಂದ ಇನ್ನೊಬ್ಬ. ಪವರ್ ಸಪ್ಲೈ ಬಗ್ಗೆ ಹೇಳಿದವನ ವಿಡಿಯೋ ಉದ್ದವಾಗಿತ್ತು, ಅದನ್ನು ಶ್ರೀಶ ಅರ್ಧಕ್ಕೆ ಬಿಟ್ಟ. ನಿರ್ಧಾರ ತೆಗೆದುಕೊಳ್ಳಲಾಗದವನಿಗೆ ಸಲಹೆ ಹೆಚ್ಚಾದಷ್ಟೂ ಕಷ್ಟ. ಅಡಿಕೆ ಒಣಹಾಕುತ್ತಾ ಅವನು ಒಬ್ಬನೇ ಮಾತಾಡಿಕೊಳ್ಳುವುದನ್ನು ನೋಡಿ ದೇವಕಿಯಮ್ಮ ದೇವರಿಗೆ ಒಂದು ತೆಂಗಿನಕಾಯಿಯ ಹರಕೆ ಹೇಳಿಕೊಂಡರು.

ಮೇ ಕೊನೆಯ ವಾರ ಅವನು ಅಜ್ಜಾವರದ ದಾರಿಯಾಗಿ ಸುಳ್ಯಕ್ಕೆ ಹೋದ. ಶಾಫಿಯ ಕಂಪ್ಯೂಟರ್ ಅಂಗಡಿ ಇರುವುದು ಬಸ್‌ಸ್ಟ್ಯಾಂಡಿನ ಹತ್ತಿರ. ಶಾಫಿ ಮಾರುವುದಕ್ಕಿಂತ ಹೆಚ್ಚು ಪ್ರಶ್ನೆ ಕೇಳುವ ಮನುಷ್ಯ. ಅದಕ್ಕೇ ಇರಬೇಕು, ಅಂಗಡಿ ದೊಡ್ಡದಾಗಲೇ ಇಲ್ಲ.

“ಆಟ ಜೋರಾಗುವಾಗ ಆಫ್ ಆಗುದಾ, ಸುಮ್ಮನೆ ಇರುವಾಗಲೂ ಆಗುದಾ?”

“ಜೋರಾಗುವಾಗಲೇ.”

“ಹಾಗಾದ್ರೆ ಕಾರ್ಡಿನದ್ದೂ ಆಗ್ಬಹುದು, ಪವರ್ ಸಪ್ಲೈಯದ್ದೂ ಆಗ್ಬಹುದು ಭಟ್ರೆ. ಮನೇಲಿ ವೋಲ್ಟೇಜ್ ಹೇಗೆ ಉಂಟು?”

“ವೋಲ್ಟೇಜಿಗೆ ಎಂತ ಆಗಿದೆ ಮಾರಾಯ. ಬೆಳಿಗ್ಗೆಯೇ ಮೀಟರ್ ಹಿಡಿದು ನೋಡಿದ್ದೇನೆ. ಇನ್ನೂರ ಇಪ್ಪತ್ತೈದು.”

“ಆದ್ರೂ ನನ್ನ ಮಾತು ಕೇಳುದಾದ್ರೆ, ಕಾರ್ಡ್ ಬೇಡ. ಒಳ್ಳೆ ಸಪ್ಲೈ ಒಂದು, ಯುಪಿಎಸ್ ಒಂದು. ಎಂಟೂವರೆ ಸಾವಿರಕ್ಕೆ ಮುಗೀತದೆ.”

ಶ್ರೀಶ ಗಾಜಿನ ಕಪಾಟಿನಲ್ಲಿದ್ದ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡನ್ನು ನೋಡಿದ. ಅದಕ್ಕೆ ಎರಡು ಫ್ಯಾನು, ಸುತ್ತ ಕೆಂಪು ಗೆರೆ. ಸಪ್ಲೈ ಎಂಬುದು ಬರೀ ಒಂದು ತಗಡಿನ ಡಬ್ಬಿ. ಅದನ್ನು ಹಾಕಿದರೆ ನೀರು ಹೊಳೆಯುವುದಿಲ್ಲ, ಮಗಳಿಗೆ ತೋರಿಸಲೂ ಏನಿರುವುದಿಲ್ಲ. ಎಷ್ಟೋ ವರ್ಷಗಳ ನಂತರ ಅವನು ಅಳುಕದೆ ಒಂದು ನಿರ್ಧಾರ ಮಾಡಿದ.

“ಕಾರ್ಡೇ ಕೊಡು.”

“ಹತ್ತೂವರೆ ಆಗ್ತದೆ. ಮತ್ತೆ ಬೇರೆ ಎಂತದೂ ತೆಗೆಯಲಿಕ್ಕಾಗುದಿಲ್ಲ ನಿಮಗೆ.”

“ಗೊತ್ತುಂಟು.”

ಆ ವಾರ ಬಂದದ್ದು ಕೊನೆಯ ಆದಿತ್ಯವಾರ. ಶ್ರೀಶ ಎಂದಿನಂತೆ ಎಲ್ಲ ತಯಾರಿ ಮಾಡಿದ. ಬೇಸಗೆಯಲ್ಲಿ ತೋಟಕ್ಕೆ ನೀರು ಬಿಡುವವನಿಗೆ ಎರಡು ಗಂಟೆ ಒಂದೇ ಕಡೆ ಕೂರಲಿಕ್ಕಿಲ್ಲ. ಅರ್ಧ ಗಂಟೆಗೊಮ್ಮೆ ಹೋಗಿ ಗೇಟ್‌ವಾಲ್ ತಿರುಗಿಸಿ ಪೈಪಿನ ಲೈನು ಬದಲಿಸಬೇಕು. ಮೇಲಿನ ತೋಟದ ಲೈನು ಮಾತ್ರ ದೊಡ್ಡದು, ಒಮ್ಮೆ ಮೋಟರು ಹಾಕಿದರೆ ಎರಡು ಗಂಟೆ ಆ ಕಡೆ ತಲೆ ಹಾಕಬೇಕಿಲ್ಲ. ಆದ್ದರಿಂದ ಜನವರಿಯಿಂದಲೂ ಅವನು ಅದನ್ನು ಆದಿತ್ಯವಾರ ನಾಲ್ಕು ಗಂಟೆಗೆಂದೇ ಇಟ್ಟುಕೊಂಡಿದ್ದ. ಮಗಳ ಹೊತ್ತಿನಲ್ಲಿ ಯಾರೂ ಕರೆಯಬಾರದು. ಐದು ಎಚ್‌ಪಿಯ ಮೋಟರು ಹಾಕಿ, ಕೈ ತೊಳೆದು, ಕೋಣೆಗೆ ಬಂದು ಫ್ಯಾನ್ ಆಫ್ ಮಾಡಿದ. ಅದರ ಗಾಳಿ ಮೈಕಿಗೆ ಬಡಿದು ಕರಕರ ಎನ್ನುತ್ತದೆಂದು ಮಗಳು ಹೇಳಿದ ಮೇಲೆ ಅದೂ ಬಂದ್. ಕಿವಿಗೆ ಹೆಡ್‌ಫೋನ್ ಬಿಗಿದ.

“ಅಪ್ಪ, ಈಗ ಸರಿ ಉಂಟಾ?”

“ಹೊಸ ಕಾರ್ಡ್ ಹಾಕಿದ್ದೇನೆ ಪುಟ್ಟ. ನೀರು ಎಷ್ಟು ಚಂದ ಕಾಣ್ತದೆ ನೋಡು.”

ಹತ್ತು ನಿಮಿಷ ನೀರು ಹೊಳೆಯಿತು. ಮೊದಲ ಸಾಲು ಹೆಂಚು ಇಟ್ಟರು. ಪೆಟ್ಟಿಗೆ ಆಫ್.

ಎಬ್ಬಿಸಿದ. ಈ ಸಲ ಎಂಟೇ ನಿಮಿಷ. ಮತ್ತೆ ಎಬ್ಬಿಸಿದ. ದೇವಕಿಯಮ್ಮ ಬಾಗಿಲಿಗೆ ಬಂದು ಪ್ರತಿ ವಾರದಂತೆ ಏನೋ ಹೇಳಿದರು. ಅವನು ಪ್ರತಿ ವಾರದಂತೆ ‘ಆಮೇಲೆ’ ಎಂದು ಕೈ ಎತ್ತಿದ. ಮೂರನೇ ಸಲ ಒಳಗೆ ಹೋಗುವ ಮೊದಲೇ ಪೆಟ್ಟಿಗೆ ಸತ್ತಿತು. ಮೊಬೈಲಿಗೆ ಮಗಳ ಮೆಸೇಜು ಬಂತು.

“ಬಾಕಿ ಮಾಡು ನಾನೇ ಹಾಕ್ತೇನೆ. ನೀನು ಯಾವಾಗ್ಲೂ ಅರ್ಧಕ್ಕೆ ಹೋಗ್ತಿ ಅಪ್ಪ.”

ಊರೆಲ್ಲ ನಕ್ಕರೂ ಅವನಿಗೆ ಅಷ್ಟು ನೋವಾಗಿರಲಿಲ್ಲ. ಇನ್ನೂ ಅರ್ಧ ಗಂಟೆ ಮತ್ತೆ ಮತ್ತೆ ಎಬ್ಬಿಸಿ ನೋಡಿದ, ಪೆಟ್ಟಿಗೆ ನಿಲ್ಲಲಿಲ್ಲ. ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದ.

ಆಗ ಕೇಳಿಸಿತು. ಕೆಳಗೆ ಪಂಪ್‌ಶೆಡ್ಡಿನಲ್ಲಿ ಮೋಟರು ಎಳೆಯಲಾರದೆ ದಪ್ಪ ದನಿಯಲ್ಲಿ ನರಳುತ್ತಿತ್ತು. ಆ ದನಿಯನ್ನು ಈ ಊರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ; ಕರೆಂಟು ಬಿದ್ದಿದೆ, ವೋಲ್ಟೇಜಿಲ್ಲ ಎಂದು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಹಳೆಯ ಬಲ್ಬುಗಳಾಗಿದ್ದರೆ ಕೆಂಪಗಾಗಿ ಅವೇ ಹೇಳುತ್ತಿದ್ದವು. ಈಗಿನ ಎಲ್‌ಇಡಿ ಬಲ್ಬು ನೂರೈವತ್ತು ವೋಲ್ಟಿಗೂ ಬೆಳ್ಳಗೇ ಇರುತ್ತದೆ. ಮಳೆಗಾಲದಲ್ಲಿ ಮೋಟರಿಲ್ಲ, ಅದಕ್ಕೇ ಆಗ ತೊಂದರೆಯೂ ಇರಲಿಲ್ಲ. ಅವನು ಬೆಳಿಗ್ಗೆ ಮೀಟರ್ ಹಿಡಿದಾಗಲೂ ಮೋಟರು ಓಡುತ್ತಿರಲಿಲ್ಲ. ಜನವರಿಯಲ್ಲಿ ಬಂದದ್ದು ಅಪ್‌ಡೇಟ್ ಒಂದೇ ಅಲ್ಲ. ಮಗಳಿಗೆಂದು ಅವನು ಬಿಡುವು ಮಾಡಿಕೊಂಡ ರೀತಿಯೇ ವಾರವಾರವೂ ಮಗಳನ್ನು ಕಳೆಯುತ್ತಿತ್ತು. ಹತ್ತೂವರೆ ಸಾವಿರದ ಹೊಸ ಕಾರ್ಡು ಇನ್ನಷ್ಟು ಕರೆಂಟು ಕೇಳಿ ಪೆಟ್ಟಿಗೆಯನ್ನು ಇನ್ನೂ ಬೇಗ ಆಫ್ ಮಾಡಿತು.

“ನೀನು ಬಾಗಿಲಿಗೆ ಬಂದು ಎಂತ ಹೇಳಿದ್ದು ಅಮ್ಮ?”

“ಮೋಟರು ಎಳೆಯುದಿಲ್ಲ, ಸುಟ್ಟೀತು, ಬಂದ್ ಮಾಡು ಅಂತ. ಪ್ರತಿ ಆದಿತ್ಯವಾರ ಹೇಳ್ತೇನೆ. ನೀನು ಎಲ್ಲಿ ಕೇಳುದು?”

ಶ್ರೀಶ ಚಪ್ಪಲಿಯನ್ನೂ ಹಾಕದೆ ಓಡಿ ಮೋಟರು ನಿಲ್ಲಿಸಿದ. ಓಡಿ ಬಂದು ಕಂಪ್ಯೂಟರ್ ಹಾಕಿದ. ಆಟ ತೆರೆಯಿತು. ಐದೂಕಾಲು ಗಂಟೆ. ಮಗಳು ಆಟದಲ್ಲಿರಲಿಲ್ಲ. ಫೋನ್ ಮಾಡಿದ, ಅವಳು ಎತ್ತಲಿಲ್ಲ. ‘ಪುಟ್ಟ, ಸರಿಯಾಯ್ತು, ಬಾ’ ಎಂದು ಬರೆದ. ಅವಳು ಅದನ್ನು ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಮನೆಗೆ ಮಾಡು ಬಂದಿತ್ತು. ಅವಸರದಲ್ಲಿ ಹಾಕಿದ್ದರಿಂದ ಒಂದು ಮೂಲೆ ತುಸು ಸೊಟ್ಟ. ಒಳಗೆ ಹೋದ. ಅವನ ಕೋಣೆಯ ಬಾಗಿಲಲ್ಲಿ ಬೋರ್ಡು ಇತ್ತು. ಅದರ ಮೇಲೆ ಈಗ ‘ಸ್ಟೋರ್ ರೂಮ್’ ಎಂದಿತ್ತು. ಮಿಕ್ಕ ಇಟ್ಟಿಗೆ, ಹೆಂಚು, ಮರದ ತುಂಡುಗಳನ್ನು ಅವಳು ಅಲ್ಲಿ ನೀಟಾಗಿ ಜೋಡಿಸಿದ್ದಳು, ಕಾಲಿಡಲು ಜಾಗವಿರಲಿಲ್ಲ.

ಶ್ರೀಶ ಬಾಗಿಲಿನ ಹೊರಗೇ ನಿಂತ. ಕಿಟಕಿಯಾಚೆ ನೀರು ಹೊಳೆಯುತ್ತಿತ್ತು, ಮರಗಳಿಗೆ ನೆರಳಿತ್ತು. ಆರು ಗಂಟೆಯಾಗುವವರೆಗೆ ಅವನು ಹಾಗೇ ಇದ್ದ. ಕಂಪ್ಯೂಟರು ಒಮ್ಮೆಯೂ ಆಫ್ ಆಗಲಿಲ್ಲ.