ಬೇಡ ಎಂದವಳ ಚೀಲಕ್ಕೆ

ಆ ಮಾತ್ರೆಗಳನ್ನು ರೂತ್‌ಗೆ ಕೊಟ್ಟವಳು ನಾನು. ಅವಳು ಏನು ನುಂಗಿದ್ದಾಳೆಂದು ಆಂಬುಲೆನ್ಸಿನವರು ಕೇಳಿದಾಗ ಗೊತ್ತಿಲ್ಲ ಎಂದವಳೂ ನಾನೇ. ಎರಡು ವರ್ಷವಾಯಿತು — ರೂತ್‌ಳನ್ನೂ ನನ್ನ ಗಂಡ ಹರೀಶ್‌ರನ್ನೂ ಬಿಟ್ಟರೆ ಇದು ಯಾರಿಗೂ ತಿಳಿದಿಲ್ಲ.

ರೂತ್ ಜಿಂಬಾಬ್ವೆಯವಳು. ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ನಮ್ಮ ಎದುರು ಮನೆ. ವೃದ್ಧಾಶ್ರಮವೊಂದರಲ್ಲಿ ಕೆಲಸ. ಗಂಡ ಬಿಟ್ಟುಹೋಗಿದ್ದ, ಏಳು ವರ್ಷದ ಮಗ ಜೋಯಲ್ ನನ್ನ ಮಗಳು ಸಿರಿಯ ತರಗತಿಯವನು. ನಾನು ಮನೆಯಿಂದ ಕೆಲಸ ಮಾಡುವ ಮೂರು ದಿನ ಇಬ್ಬರನ್ನೂ ಶಾಲೆಯಿಂದ ನಾನು ಕರೆತರುತ್ತಿದ್ದೆ, ಉಳಿದೆರಡು ದಿನ ಅವಳು. ನಮ್ಮ ಬೀದಿಯಲ್ಲಿ ಅವಳೊಬ್ಬಳೇ ಕಪ್ಪು ತಾಯಿ. ಅವಳ ಮನೆಮುಂದಿನ ಹುಲ್ಲು ಎಲ್ಲರದಕ್ಕಿಂತ ಒಪ್ಪವಾಗಿರುತ್ತಿತ್ತು. ಯಾಕೆಂದು ಆಗ ನನಗೆ ಹೊಳೆದಿರಲಿಲ್ಲ.

ಊರಿಗೆ ಹೋಗಿ ಬಂದವರ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕ ಮಾತ್ರೆಯ ಸ್ಟ್ರಿಪ್‌ಗಳೂ ಬರುತ್ತವೆ. ಇಲ್ಲಿ ಡಾಕ್ಟರ ಚೀಟಿಯಿಲ್ಲದೆ ಸಿಗದ ಬಲವಾದ ನೋವಿನ ಮಾತ್ರೆಯನ್ನು, ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ನನ್ನ ಭಾವ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದರು.

ಒಂದು ಭಾನುವಾರ ರೂತ್ ಸೊಂಟ ಹಿಡಿದುಕೊಂಡು ನಮ್ಮ ಅಡುಗೆಮನೆಯಲ್ಲಿ ನಿಂತಿದ್ದಳು. ಯಾರೋ ಅಜ್ಜನನ್ನು ಎತ್ತುವಾಗ ಉಳುಕಿತ್ತು. ಸ್ಟ್ರಿಪ್ ತಂದುಕೊಟ್ಟೆ. ಬೇಡವೆಂದಳು. ಮತ್ತೆ ಚಾಚಿದೆ.

"ಬೇಡ, ಪ್ಲೀಸ್. ನಾನು ಮನೇಲಿ ಮಾತ್ರೆ ಇಟ್ಕೊಳ್ಳಲ್ಲ," ಎಂದು ಅವಳ ಇಂಗ್ಲಿಷಿನಲ್ಲಿ ಹೇಳಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು.

ನಾನು ನಕ್ಕೆ. ನಮ್ಮಲ್ಲಿ ಬೇಡ ಎನ್ನುವುದು ಸಂಕೋಚ, ಬೇಡ ಎಂದವರಿಗೆ ಇನ್ನೊಂದು ಬಡಿಸುವುದು ಉಪಚಾರ. ಎಲೆಗೆ ಅಡ್ಡ ಹಿಡಿದ ಕೈಯ ಸಂದಿಯಲ್ಲೇ ಹೋಳಿಗೆ ಜಾರಿಸುವ ಮನೆಯಲ್ಲಿ ಬೆಳೆದವಳು ನಾನು. ಅವಳು ಹೊರಟಾಗ ಚೀಲದಲ್ಲಿ ಚಕ್ಕುಲಿ ಡಬ್ಬಿಯ ಕೆಳಗೆ ಆ ಸ್ಟ್ರಿಪ್ ಇಟ್ಟು ಕೊಟ್ಟೆ. ತಿಳಿಯದೆ ಮಾಡಿದೆ ಎನ್ನುವ ಹಾಗಿಲ್ಲ. ಓದಿದ್ದು ಫಾರ್ಮಸಿ. ಮ್ಯಾಕ್ವೆರಿ ಪಾರ್ಕ್‌ನ ಕಂಪನಿಯೊಂದರಲ್ಲಿ, ಔಷಧಿಯ ಜೊತೆ ಬರುವ ಎಚ್ಚರಿಕೆಯ ಸಾಲುಗಳನ್ನು ತಿದ್ದುವುದೇ ನನ್ನ ಕೆಲಸ —

ಆ ಗುರುವಾರ ಮಕ್ಕಳನ್ನು ಕರೆತರುವ ಸರದಿ ಅವಳದು. ನಾನು ಆಫೀಸಿನಿಂದ ಬೇಗ ಬಂದಿದ್ದೆ. ಮೂರೂವರೆಗೆ ಅವಳ ಕಾರು ಬೀದಿಯ ತಿರುವಿನಲ್ಲಿ ಕಂಡಿತು, ನಡೆಯುವವರಿಗಿಂತ ನಿಧಾನ. ನೋಡನೋಡುತ್ತಿದ್ದಂತೆ ಫುಟ್‌ಪಾತ್ ಹತ್ತಿತು, ನಮ್ಮ ಅಂಚೆ ಡಬ್ಬಿಗೆ ಒರಗಿ ನಿಂತಿತು. ಓಡಿದೆ. ರೂತ್ ತಲೆ ಕಿಟಕಿಗೆ ವಾಲಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಬೆಲ್ಟಿನೊಳಗೆ ಸುಮ್ಮನೆ ಕುಳಿತಿದ್ದರು. ಆಂಟಿ ಸಿಗ್ನಲ್‌ನಲ್ಲೂ ನಿದ್ದೆ ಮಾಡಿದಳು, ಜೋಯಲ್ ಅವಳನ್ನು ಚಿವುಟಿ ಚಿವುಟಿ ಎಬ್ಬಿಸಿದ ಎಂದು ಸಿರಿ ಹೇಳಿದಳು.

ಶಾಲೆಗೂ ಮನೆಗೂ ನಡುವೆ ಇರುವುದು ಒಂದೇ ಸಿಗ್ನಲ್. ಅಲ್ಲಿ ಮಣ್ಣಿನ ಲಾರಿಗಳು ತಿರುಗುತ್ತವೆ. ಈಗಲೂ ಅಲ್ಲಿ ಕೆಂಪು ಬಿದ್ದರೆ ನನಗೆ ಹಿಂದಿನ ಸೀಟು ನೋಡಲೇಬೇಕು — ಖಾಲಿ ಇದ್ದರೂ.

"ಏನು ತಗೊಂಡಿದಾಳೆ, ಗೊತ್ತಾ?" ಆಂಬುಲೆನ್ಸಿನವಳು ಕೇಳಿದಳು.

ರೂತ್‌ಳ ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಿಡುವು... ಮಾತ್ರೆಯ ಹೆಸರು, ಮಿಲಿಗ್ರಾಂ, ಎಲ್ಲ ನನ್ನ ಬಾಯಲ್ಲಿತ್ತು.

"ಗೊತ್ತಿಲ್ಲ," ಎಂದೆ.

ಅವರು ಊಹಿಸಿಯೇ, ಅಂಥ ಮಾತ್ರೆಯ ಅಮಲು ಇಳಿಸುವ ಔಷಧಿಯನ್ನು ಮೂಗಿಗೆ ಸಿಂಪಡಿಸಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು. ಆ ಊಹೆ ತಪ್ಪಿದ್ದರೆ —

ಸಂಜೆ ಹರೀಶ್ ಹೇಳಿದರು: "ಕಸ್ಟಮ್ಸಲ್ಲಿ ಡಿಕ್ಲೇರ್ ಮಾಡಿಲ್ಲ, ಇಲ್ಲಿ ಕಾಯಂ ಇರೋಕೆ ಪಿಆರ್ ಇನ್ನೂ ಬಂದಿಲ್ಲ. ನಿನ್ ಹೆಸ್ರು ಬಂದ್ರೆ ಮೂರೂ ಜನ ಗಂಟುಮೂಟೆ ಕಟ್ಬೇಕಾಗತ್ತೆ. ಸುಮ್ನಿದ್ಬಿಡು." ತಪ್ಪನ್ನು ಅವರ ಮೇಲೆ ಹಾಕಲಾರೆ. ನಾನು ಸುಳ್ಳು ಹೇಳಿದಾಗ ಅವರು ಆಫೀಸಿನಲ್ಲಿದ್ದರು.

ಮುಂದಿನ ವಾರ ನಮ್ಮವರೆಲ್ಲ ಊಟಕ್ಕೆ ಸೇರಿದಾಗ ಶೋಭಾ ಆಂಟಿ, "ಅಲ್ವೇ, ಆ ಕರಿಯಳ ಕಾರಲ್ಲಿ ಮಗೂನ ಕಳಿಸ್ತಿದ್ಯಲ್ಲ, ನಿಂಗೆ ಬುದ್ಧಿ ಬೇಡ್ವಾ? ಬೀದೀಲಿ ಮಾರೋ ಡ್ರಗ್ಸ್ ಅಂತೆ," ಎಂದರು. ಹೂಂ ಆಂಟಿ ಎಂದು ಅವರ ತಟ್ಟೆಗೆ ಇನ್ನಷ್ಟು ಚಿತ್ರಾನ್ನ ಹಾಕಿದೆ.

ಮಕ್ಕಳ ರಕ್ಷಣೆಯ ಇಲಾಖೆಯವರು ಜೋಯಲ್‌ನನ್ನು ಮೆಲ್ಬರ್ನ್‌ನಲ್ಲಿರುವ ರೂತ್‌ಳ ಅಕ್ಕನ ಮನೆಗೆ ಕಳಿಸಿದರು. ರೂತ್ ಮನೆ ಖಾಲಿ ಮಾಡಿ ಅವನ ಹಿಂದೆಯೇ ಹೋದಳು. ಮಾತ್ರೆ ತನ್ನವೇ, ಹಳೆಯವು ಎಂದು ಇಲಾಖೆಯವರಿಗೆ ಬರೆದುಕೊಟ್ಟಿದ್ದಳು.

ಕಳೆದ ವಾರ ಅವಳ ಫೋನ್ ಬಂತು. ಸಿರಿಗೆ ಈಗಲೂ ಕಾರೆಂದರೆ ಹೆದರಿಕೆಯೇ ಎಂದು ಮೊದಲು ಕೇಳಿದಳು. ಆಮೇಲೆ ತಾನಾಗಿಯೇ ಹೇಳಿದಳು. ಎಷ್ಟೋ ವರ್ಷದ ಹಿಂದೆ ಆಪರೇಷನ್ ಆದಾಗ ಹಿಡಿದ ನೋವಿನ ಮಾತ್ರೆಯ ಚಟ. ಪ್ರತಿ ಮಂಗಳವಾರ ಚರ್ಚಿನ ಹಾಡಿಗೆ ಎಂದು ನಮಗೆ ಹೇಳಿ ಹೋಗುತ್ತಿದ್ದದ್ದು, ಚಟ ಬಿಡುವವರು ಸೇರುವ ಕೋಣೆಗೆ. ಒಂದೂವರೆ ವರ್ಷ ಒಂದು ಮಾತ್ರೆಯನ್ನೂ ಮುಟ್ಟಿರಲಿಲ್ಲ. ಚಕ್ಕುಲಿ ತಿನ್ನಲು ಡಬ್ಬಿ ಎತ್ತಿದಳು, ಕೆಳಗೆ ನನ್ನ ಸ್ಟ್ರಿಪ್. ಮೂರು ದಿನ ಅದನ್ನು ಫ್ರಿಜ್ಜಿನ ಮೇಲಿಟ್ಟು ಸುತ್ತ ಓಡಾಡಿದಳಂತೆ.

"ನಂಗೆ ಒಂದು ಮಾತು ಹೇಳ್ಬಹುದಿತ್ತಲ್ಲ," ಎಂದೆ — ಎಂಥ ನಾಲಿಗೆ ನನ್ನದು.

"ನನ್ನಂಥ ಕಪ್ಪು ತಾಯಿ ಸಹಾಯ ಕೇಳಿದ್ರೆ, ಅವರು ಮೊದಲು ನೋಡೋದು ಮಗು ಕಡೆ."

ನನ್ನ ಹೆಸರನ್ನೇಕೆ ಹೇಳಲಿಲ್ಲ ಎಂದು ಕೇಳುವ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು: "ನಿನಗೂ ಮಗಳಿದ್ದಾಳಲ್ಲ."

ಈಗ ಮತ್ತೆ ಮೊದಲ ದಿನದಿಂದ ಎಣಿಸಿ, ಮಾತ್ರೆ ಬಿಟ್ಟು ಇಪ್ಪತ್ತು ತಿಂಗಳಾಗಿದೆ. ಶನಿವಾರ ಮಾತ್ರ, ಅಕ್ಕನ ಎದುರಿನಲ್ಲಿ, ಮಗನನ್ನು ನೋಡಬಹುದು. ಅವನು ತಾಯಿಯ ಮನೆಗೆ ಮರಳಬಹುದೇ ಎಂದು ಮುಂದಿನ ತಿಂಗಳು ಇಲಾಖೆಯವರ ತೀರ್ಮಾನ. ಎರಡು ಸಲ ಬೇಡವೆಂದ ಕೈಗೆ ಆ ಮಾತ್ರೆ ಹೇಗೆ ಬಂತೆಂದು ಅವರಿಗೆ ಯಾರೂ ಹೇಳಿಲ್ಲ.

ನಮಗೆ ಪಿಆರ್ ಬಂತು. ಭಯ ಹೋಗಲಿಲ್ಲ, ಈಗ ಅದು ಸಿಟಿಜನ್‌ಶಿಪ್ ಅರ್ಜಿಯ ಮಾತೆತ್ತುತ್ತದೆ, ಸಿರಿಯ ಶಾಲೆಯ ಮಾತೆತ್ತುತ್ತದೆ. ಇದನ್ನು ಮೊದಲು ಕನ್ನಡದಲ್ಲಿ ಬರೆಯುತ್ತಿರುವುದೂ ಭಯದಿಂದಲೇ, ರೂತ್‌ಗಾಗಲಿ ಆ ಇಲಾಖೆಗಾಗಲಿ ಓದಲು ಬಾರದ ಭಾಷೆ ಎಂದು.

ಆದರೆ ಪಕ್ಕದಲ್ಲಿ ಇನ್ನೊಂದು ಹಾಳೆಯಿದೆ, ಇಂಗ್ಲಿಷಿನದು. ಮೆಲ್ಬರ್ನ್‌ಗೆ ಹೋಗಿ ಇಲಾಖೆಯವರಿಗೆ ನಾನೇ ಕೈಯಾರೆ ಕೊಡಬೇಕಾದದ್ದು. ಅದರಲ್ಲಿ ಮಾತ್ರೆಯ ಹೆಸರಿದೆ, ಮಿಲಿಗ್ರಾಂ ಇದೆ, ಚಕ್ಕುಲಿ ಡಬ್ಬಿಯಿದೆ, ಕೆಳಗೆ ನನ್ನ ಪೂರ್ತಿ ಹೆಸರು, ಸಹಿ. ಹರೀಶ್‌ಗೆ ಇನ್ನೂ ಹೇಳಿಲ್ಲ. ಕೆಳಗೆ ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದು ಕೇಳುತ್ತಿದೆ. ಹಾಳೆಯನ್ನು ಡ್ರಾಯರಿಗೆ ಹಾಕದೆ ಮೇಜಿನ ಮೇಲೇ ಬಿಟ್ಟಿದ್ದೇನೆ.